ಫೆಂಡರ್ ಫ್ಲೇರ್ ವ್ಯಾಪಾರ ಮತ್ತು ನಮ್ಮ ಹೊಣೆಗಾರಿಕೆ

ಮಳೆಗಾಲ ಮುಗಿದು ಪ್ರವಾಸಿಗರ ಋತು ಆರಂಭವಾಗುವ ಹೊತ್ತಿಗೆ ದಾಂಡೇಲಿ, ಜೋಯಿಡಾ, ರಾಮನಗರ ಭಾಗದ ವಾಹನ ಬಿಡಿಭಾಗಗಳ ಅಂಗಡಿಗಳಿಗೆ ಒಂದು ಬಗೆಯ ಗಿರಾಕಿಗಳು ತಪ್ಪದೆ ಬರುತ್ತಾರೆ. ಜೀಪು, ಬೊಲೆರೊ, ಥಾರ್ ಅಥವಾ ಹಳೆಯ ಜಿಪ್ಸಿಯ ಮಾಲೀಕರಾದ ಇವರ ಬೇಡಿಕೆ ಒಂದೇ: ಅಗಲವಾದ ಟಯರು, ಅದರ ಮೇಲೊಂದು ಫೆಂಡರ್ ಫ್ಲೇರ್. ಗಾಲಿಯ ಮೇಲಿನ ಕಮಾನಿಗೆ ಹೊರಚಾಚಿದಂತೆ ಜೋಡಿಸುವ ಈ ಪಟ್ಟಿಗೆ ನಮ್ಮ ಗ್ಯಾರೇಜುಗಳಲ್ಲಿ ‘ಕ್ಲ್ಯಾಡಿಂಗ್’ ಎಂಬ ಹೆಸರೂ ಬಳಕೆಯಲ್ಲಿದೆ. ನೋಡಲು ಸಣ್ಣ ಸರಕು. ಅದರಲ್ಲಿ ದೊರೆಯುವ ಲಾಭವೂ ವ್ಯಾಪಾರದ ದೃಷ್ಟಿಯಿಂದ ಸಮಾಧಾನಕರವಾದುದೇ. ಆದರೆ ಈ ಸಣ್ಣ ಸರಕಿನ ವ್ಯಾಪಾರವನ್ನು ನಾವು ನಡೆಸಿಕೊಂಡು ಬಂದಿರುವ ರೀತಿ ಸರಿಯಾಗಿಲ್ಲವೆಂಬುದು ನನ್ನ ಅಭಿಪ್ರಾಯ. ದಾಂಡೇಲಿಯಲ್ಲಿ ಹಲವು ವರ್ಷಗಳಿಂದ ಇದೇ ವ್ಯಾಪಾರದಲ್ಲಿರುವವನಾದ ಕಾರಣ, ಈ ಆಕ್ಷೇಪ ಮೊದಲು ನನಗೇ ಅನ್ವಯಿಸುತ್ತದೆ ಎಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಫ್ಲೇರ್‌ನ ನಿಜವಾದ ಕೆಲಸ

ತಿನೈಘಾಟ್ ದಾಟಿ ಕ್ಯಾಸಲ್‌ರಾಕ್‌ಗೆ ಹೋಗುವ ದಾರಿಯಲ್ಲಿ ಮಳೆಗಾಲದ ನಂತರ ಒಮ್ಮೆ ವಾಹನ ಓಡಿಸಿದವರಿಗೆ ಗಾಲಿಯ ಕವಚದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಕ್ಯಾಸಲ್‌ರಾಕ್ ಒಂದು. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು. ಒಳರಸ್ತೆಗಳೆಲ್ಲ ಜಂಬಿಟ್ಟಿಗೆಯ ಕೆಂಪು ಮಣ್ಣಿನವು. ಓಡುವ ಗಾಲಿಯು ತನ್ನ ಹಲ್ಲುಗಳ ನಡುವೆ ಸಿಕ್ಕ ಕೆಸರನ್ನೂ ಕಲ್ಲನ್ನೂ ಹಿಂದಕ್ಕೂ ಮೇಲಕ್ಕೂ ಚಿಮ್ಮಿಸುತ್ತದೆ. ಟಯರು ಫೆಂಡರಿನ ಒಳಗೇ ಇದ್ದಲ್ಲಿ ಆ ಕೆಸರು ಕಮಾನಿನೊಳಗೆ ಉಳಿಯುತ್ತದೆ. ಟಯರಿನ ಅಂಚು ಫೆಂಡರಿನಿಂದ ಹೊರಗೆ ಚಾಚಿದಲ್ಲಿ ಅದೇ ಕೆಸರು ಸ್ವಂತ ವಾಹನದ ಬಾಗಿಲು ಮತ್ತು ಕನ್ನಡಿಗಳ ಮೇಲೆ ಬೀಳುತ್ತದೆ, ಕಲ್ಲು ಹಿಂದೆ ಬರುವ ದ್ವಿಚಕ್ರ ಸವಾರನ ಮುಖಕ್ಕೆ ಹಾರುತ್ತದೆ. ಹಾಗೆ ಹೊರಗೆ ಉಳಿದ ಭಾಗವನ್ನು ಮುಚ್ಚುವುದೇ ಫ್ಲೇರ್‌ನ ಮೂಲ ಕೆಲಸ. ಕಾಡಿನ ಇಕ್ಕಟ್ಟಾದ ದಾರಿಯಲ್ಲಿ ಪೊದೆ, ಕೊಂಬೆಗಳು ತಾಗಿ ಫೆಂಡರಿನ ಬಣ್ಣ ಕೆಡದಂತೆ ತಡೆಯುವುದು ಎರಡನೆಯ ಕೆಲಸ. ಅಲಂಕಾರವೆಂಬುದು ಇವೆರಡರ ನಂತರ ಬರತಕ್ಕದ್ದು.

ಈ ಮಾತಿಗೆ ನಮ್ಮ ದೇಶದಲ್ಲಿಯೇ ಉತ್ತಮ ನಿದರ್ಶನವಿದೆ. 1985ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯ ಎರಡು ಗಾಲಿಗಳ ನಡುವಣ ಅಂತರ ಕಡಿಮೆಯಿತ್ತು. 1993ರ ಜುಲೈನಲ್ಲಿ ಕಂಪನಿಯು ಈ ಅಂತರವನ್ನು ಮುಂದೆ ಮತ್ತು ಹಿಂದೆ 90 ಮಿಲಿಮೀಟರಿನಷ್ಟು ಹೆಚ್ಚಿಸಿ, ಮುಂಭಾಗದಲ್ಲಿ 1,300 ಹಾಗೂ ಹಿಂಭಾಗದಲ್ಲಿ 1,310 ಮಿಲಿಮೀಟರಿಗೆ ತಂದು, ‘ವೈಡ್ ಟ್ರ್ಯಾಕ್’ ಜಿಪ್ಸಿಯನ್ನು ಹೊರತಂದಿತು. ಒಂದೊಂದು ಬದಿಗೆ 45 ಮಿಲಿಮೀಟರಿನಂತೆ ಗಾಲಿ ಹೊರಗೆ ಬಂದುದರಿಂದ ಅದನ್ನು ಮುಚ್ಚಲು ಎದ್ದು ಕಾಣುವ ಫೆಂಡರ್ ಫ್ಲೇರ್‌ಗಳನ್ನು ಕೊಟ್ಟಿತು. ಹಳೆಯ ಜಿಪ್ಸಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ದೂರದಿಂದಲೇ ಗುರುತಿಸಲು ಸಾಧ್ಯವಾದುದು ಈ ಫ್ಲೇರ್‌ಗಳಿಂದಲೇ. ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಮೊದಲು ಬದಲಾದುದು ಗಾಲಿಯ ಸ್ಥಾನ. ಫ್ಲೇರ್ ಅದರ ಪರಿಣಾಮವಾಗಿ ಬಂದಿತು. ಆ ಬದಲಾವಣೆಯ ಹಿಂದೆ ತಯಾರಕನ ವಿನ್ಯಾಸ, ಪರೀಕ್ಷೆ ಮತ್ತು ಅನುಮೋದನೆ ಇದ್ದವು. 2020ರಲ್ಲಿ ಬಂದ ಎರಡನೆಯ ತಲೆಮಾರಿನ ಥಾರ್ ಮತ್ತು 2023ರಲ್ಲಿ ಬಂದ ಜಿಮ್ನಿ ವಾಹನಗಳ ಕಪ್ಪು ಕಮಾನುಗಳೂ ಹಾಗೆಯೇ ಕಾರ್ಖಾನೆಯಿಂದಲೇ ಬಂದವು.

ಈ ಹೊಸ ವಾಹನಗಳನ್ನು ಕಂಡು ಹಳೆಯ ವಾಹನಗಳ ಮಾಲೀಕರಲ್ಲಿ ಅದೇ ರೂಪದ ಆಸೆ ಹುಟ್ಟುವುದು ಸಹಜ. ಆ ಆಸೆ ನಮ್ಮ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿದೆ. ಆದರೆ ನಾವು ಕಾರ್ಖಾನೆಯ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಫ್ಲೇರ್ ಮಾರುತ್ತೇವೆ. ಫ್ಲೇರ್ ಹಾಕಿದ ಮೇಲೆ ಗಾಲಿ ಒಳಗೆ ಸರಿದಂತೆ ಕಾಣುತ್ತದೆಂದು ಅಗಲದ ಟಯರು ಮಾರುತ್ತೇವೆ. ಅದೂ ಸಾಲದಾದಾಗ ಗಾಲಿಯನ್ನು ಹೊರಗೆ ತಳ್ಳುವ ಸ್ಪೇಸರ್‌ಗಳನ್ನು ಮಾರುತ್ತೇವೆ. ಕವಚವಾಗಿ ಬರಬೇಕಾದ ವಸ್ತು ಹೀಗೆ ಒಂದು ಸರಣಿ ಮಾರಾಟದ ಮೊದಲ ಮೆಟ್ಟಿಲಾಗಿದೆ.

ನನ್ನ ಅಂಗಡಿಯಲ್ಲಿ ನಡೆದ ಒಂದು ಸಂಗತಿ

ಕೆಲವು ವರ್ಷಗಳ ಹಿಂದೆ ಕ್ಯಾಸಲ್‌ರಾಕ್ ಕಡೆಯ ಯುವಕನೊಬ್ಬ ನನ್ನ ಅಂಗಡಿಗೆ ಬಂದಿದ್ದ. ಸಾಲ ಮಾಡಿ ಕೊಂಡ ಜೀಪನ್ನು ಪ್ರವಾಸಿಗರಿಗೆ ಬಾಡಿಗೆಗೆ ಓಡಿಸಿ ಕುಟುಂಬವನ್ನು ಸಾಕುತ್ತಿದ್ದವನು. ಗೋವಾ ಹಾಗೂ ಬೆಂಗಳೂರಿನಿಂದ ಬರುವ ಪ್ರವಾಸಿಗರು ಭರ್ಜರಿಯಾಗಿ ಕಾಣುವ ವಾಹನವನ್ನೇ ಆರಿಸಿಕೊಳ್ಳುತ್ತಾರೆ, ತನ್ನ ಜೀಪಿಗೂ ಆ ಕಳೆ ಬರಬೇಕು ಎಂಬುದು ಅವನ ಬೇಡಿಕೆಯಾಗಿತ್ತು. ನಾನು ಅವನಿಗೆ ನಾಲ್ಕು ಅಗಲದ ಟಯರುಗಳನ್ನೂ, ಸ್ಪೇಸರ್‌ಗಳನ್ನೂ, ಫೈಬರ್ ಫ್ಲೇರ್‌ಗಳ ಒಂದು ಜೊತೆಯನ್ನೂ ಕೊಟ್ಟೆ. ಕೆಲಸ ಮುಗಿಸಲು ಅವಸರವಿತ್ತು. ನಮ್ಮ ಹುಡುಗರು ಫೆಂಡರಿಗೆ ರಂಧ್ರ ಕೊರೆದು, ಸ್ಕ್ರೂ ಬಿಗಿದು ಸಂಜೆಯೊಳಗೆ ವಾಹನ ಕೊಟ್ಟರು. ಬಿಲ್ಲಿನಲ್ಲಿ ನಾನು ಬರೆದುದು ‘ಆಕ್ಸೆಸರೀಸ್ ಒಂದು ಸೆಟ್’ ಎಂದಷ್ಟೆ. ಬಾಡಿಗೆ ವಾಹನಕ್ಕೆ ಅರ್ಹತಾ ಪತ್ರದ ತಪಾಸಣೆ ಇರುತ್ತದೆ, ಅಲ್ಲಿ ಇದಕ್ಕೆ ಆಕ್ಷೇಪ ಬರಬಹುದು ಎಂಬ ಮಾತನ್ನು ನಾನು ಆಡಲಿಲ್ಲ. ಗೊತ್ತಿರಲಿಲ್ಲವೆಂದಲ್ಲ. ಹೇಳಿದರೆ ಗಿರಾಕಿ ಹಿಂಜರಿದಾನು ಎಂಬ ಅಳುಕು.

ಮುಂದಿನ ವರ್ಷ ದಸರಾ ರಜೆಗೆ ಸ್ವಲ್ಪ ಮುಂಚೆ ಅವನ ವಾಹನ ತಪಾಸಣೆಯಲ್ಲಿ ನಿಂತಿತು. ಗಾಲಿ ಹೊರಗಿದೆ, ಮೂಲ ಸ್ಥಿತಿಗೆ ತಂದು ತೋರಿಸು ಎಂದು ಹೇಳಿ ಕಳುಹಿಸಿದರು. ಹಳೆಯ ಟಯರುಗಳನ್ನು ಅವನು ಅಷ್ಟರಲ್ಲಿ ಮಾರಿಬಿಟ್ಟಿದ್ದ. ಹೊಸ ಟಯರು ಹೊಂದಿಸಿಕೊಳ್ಳಬೇಕಾಯಿತು. ಫ್ಲೇರ್ ಬಿಚ್ಚಿ ನೋಡಿದರೆ ನಾವು ಕೊರೆದ ರಂಧ್ರಗಳ ಸುತ್ತ ಒಂದೇ ಮಳೆಗಾಲದಲ್ಲಿ ತುಕ್ಕು ಹರಡಿತ್ತು. ಮುಂದಿನ ಗಾಲಿಯ ಬೇರಿಂಗು ಸದ್ದು ಮಾಡುತ್ತಿತ್ತು. ಎಲ್ಲ ಸರಿಪಡಿಸಿ ಅರ್ಹತಾ ಪತ್ರ ಕೈಗೆ ಬರುವಷ್ಟರಲ್ಲಿ ರಜೆ ಮುಗಿದಿತ್ತು. ನಮ್ಮ ಭಾಗದಲ್ಲಿ ಪ್ರವಾಸಿ ವಾಹನದವನಿಗೆ ದಸರಾ ಮತ್ತು ದೀಪಾವಳಿಯ ದಿನಗಳೆಂದರೆ ರೈತನಿಗೆ ಸುಗ್ಗಿ ಇದ್ದಂತೆ. ನಾನು ಫ್ಲೇರ್‌ಗಳನ್ನು ವಾಪಸು ಪಡೆದು, ಕೂಲಿಯ ಹಣವನ್ನು ಹಿಂದಿರುಗಿಸಿದೆ. ಅವನು ಕಳೆದುಕೊಂಡ ದಿನಗಳನ್ನು ಹಿಂದಿರುಗಿಸುವುದು ನನ್ನಿಂದ ಆಗಲಿಲ್ಲ. ಅವನು ಜಗಳವಾಡಲಿಲ್ಲ. ‘ಮೊದಲೇ ಒಂದು ಮಾತು ಹೇಳಬಹುದಿತ್ತು’ ಎಂದಷ್ಟೇ ಹೇಳಿದ. ಈ ಲೇಖನ ಬರೆಯಲು ಆ ಮಾತೇ ಕಾರಣ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕನು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ ಮಾರ್ಪಾಡು ಎಂದು ಅದೇ ಕಲಮಿನ ವಿವರಣೆಯಲ್ಲಿ ಹೇಳಲಾಗಿದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿ, ತಯಾರಕನ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಬದಲಾವಣೆಗೆ ಅವಕಾಶವಿಲ್ಲವೆಂದು ತೀರ್ಪಿತ್ತಿತು. ಇದಕ್ಕೂ ಮುಂಚೆ, 2017ರ ಡಿಸೆಂಬರಿನಲ್ಲಿ, ವಾಹನದ ಮುಂದೆ ಅಳವಡಿಸುವ ಬುಲ್ ಬಾರ್ ಅಥವಾ ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ತಿಳಿಸಿದ್ದುದು ನಮ್ಮ ವ್ಯಾಪಾರದವರೆಲ್ಲರಿಗೂ ನೆನಪಿರಬಹುದು. ದಾಸ್ತಾನು ಮಾಡಿಟ್ಟುಕೊಂಡವರು ಆಗ ಅನುಭವಿಸಿದ ನಷ್ಟವೂ ನೆನಪಿರಬಹುದು.

2019ರ ತಿದ್ದುಪಡಿಯು 182ಎ ಕಲಮನ್ನು ಹೊಸದಾಗಿ ರೂಪಿಸಿತು. ಅದರಂತೆ ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ನಮ್ಮ ಪೈಕಿ ಅನೇಕರು ಇಷ್ಟಕ್ಕೇ ಓದಿ, ಇದು ಮಾಲೀಕನ ತಲೆನೋವು ಎಂದು ಸುಮ್ಮನಾಗುತ್ತಾರೆ. ಆದರೆ ಅದೇ ಕಲಮಿನ ಮೊದಲ ಉಪಕಲಮು ತಯಾರಕ, ಆಮದುದಾರ ಮತ್ತು ಡೀಲರ್‌ಗೆ ಸಂಬಂಧಿಸಿದುದು. ಕಾಯ್ದೆಯ ವ್ಯಾಖ್ಯೆಯಂತೆ ‘ಡೀಲರ್’ ಎಂಬ ಶಬ್ದದಲ್ಲಿ ಬಾಡಿ ಕಟ್ಟುವವರು ಮತ್ತು ವಾಹನ ದುರಸ್ತಿ ಮಾಡುವವರೂ ಸೇರುತ್ತಾರೆ. ವಾಹನಗಳ ರಚನೆಗೆ ಸಂಬಂಧಿಸಿದ ಏಳನೆಯ ಅಧ್ಯಾಯದ ನಿಯಮಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಿಕೊಟ್ಟವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಪ್ರತಿ ವಾಹನಕ್ಕೆ 1 ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಆ ಉಪಕಲಮಿಗೆ ಒಂದು ವಿನಾಯಿತಿಯೂ ಇದೆ. ವಾಹನವು ಯಾವ ರೀತಿಯಲ್ಲಿ ನಿಯಮಕ್ಕೆ ವಿರುದ್ಧವಾಗಿದೆ ಎಂಬುದನ್ನು ಕೆಲಸದ ಸಮಯದಲ್ಲಿಯೇ ಎದುರಿನವನಿಗೆ ತಿಳಿಸಿದ್ದೆನೆಂದು ಸಾಬೀತುಪಡಿಸಿದವನು ಶಿಕ್ಷೆಗೆ ಗುರಿಯಾಗುವುದಿಲ್ಲ. ತಿಳಿಸುವುದು ಇಲ್ಲಿ ಸೌಜನ್ಯವಷ್ಟೇ ಅಲ್ಲ, ವ್ಯಾಪಾರಿಗೆ ಅದು ರಕ್ಷಣೆಯೂ ಹೌದು. ನನ್ನ ‘ಆಕ್ಸೆಸರೀಸ್ ಒಂದು ಸೆಟ್’ ಎಂಬ ಬಿಲ್ಲು ಅಂಥ ಯಾವ ರಕ್ಷಣೆಯನ್ನೂ ಕೊಡುತ್ತಿರಲಿಲ್ಲ.

ಹಾಗಾದರೆ ಎಲ್ಲ ಫ್ಲೇರ್‌ಗಳೂ ನಿಷಿದ್ಧವೇ ಎಂಬ ಪ್ರಶ್ನೆ ಏಳುತ್ತದೆ. ನನ್ನ ತಿಳಿವಳಿಕೆಯಂತೆ ಹಾಗಲ್ಲ. ಮೂಲ ಗಾಲಿ, ಮೂಲ ಟಯರು ಇದ್ದಂತೆಯೇ ಇದ್ದು, ಕಮಾನಿನ ಅಂಚಿಗೆ ತೆಳುವಾದ ರಕ್ಷಣಾ ಪಟ್ಟಿಯನ್ನು ಜೋಡಿಸಿದಲ್ಲಿ ವಾಹನದ ಮೂಲ ಲಕ್ಷಣ ಬದಲಾಯಿತೆಂದು ಹೇಳುವುದು ಕಷ್ಟ. ಕಾರು ಕಂಪನಿಗಳ ಅಧಿಕೃತ ಮಾರಾಟಗಾರರೇ ಇಂಥ ಕ್ಲ್ಯಾಡಿಂಗ್‌ಗಳನ್ನು ಮಾರುತ್ತಾರೆ. ಸ್ಪೇಸರ್ ಹಾಕಿ, ಗಾಲಿಯನ್ನು ಹೊರಗೆ ತಂದು, ಅದನ್ನು ಮುಚ್ಚಲು ಫೆಂಡರಿನ ತಗಡನ್ನೇ ಕತ್ತರಿಸಿ ಅಗಲದ ಫ್ಲೇರ್ ಕೂರಿಸುವುದು ಬೇರೆಯೇ ಮಾತು. ವಾಹನದ ಅಗಲಕ್ಕೆ ನಿಯಮದಂತೆ 2.6 ಮೀಟರಿನ ಮಿತಿ ಇದೆ, ಜೀಪಿಗೆ ಎಷ್ಟು ದೊಡ್ಡ ಫ್ಲೇರ್ ಹಾಕಿದರೂ ಅದನ್ನು ಮೀರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದ ನಿಲ್ಲುವುದಿಲ್ಲ. 2.6 ಮೀಟರು ಯಾವುದೇ ವಾಹನ ಮೀರಬಾರದ ಗರಿಷ್ಠ ಮಿತಿ. ಒಂದು ನಿರ್ದಿಷ್ಟ ವಾಹನ ಹೇಗಿರಬೇಕೆಂಬುದನ್ನು ತೀರ್ಮಾನಿಸುವುದು ಅದರ ತಯಾರಕನ ಅನುಮೋದಿತ ವಿವರ.

ಯಂತ್ರದ ನಿಯಮವೂ ಇದೇ ಮಾತನ್ನು ಹೇಳುತ್ತದೆ. ಒಂದು ಬದಿಗೆ 30 ಮಿಲಿಮೀಟರಿನ ಸ್ಪೇಸರ್ ಹಾಕಿದರೆ ಎರಡು ಗಾಲಿಗಳ ನಡುವಣ ಅಂತರ 60 ಮಿಲಿಮೀಟರು ಹೆಚ್ಚುತ್ತದೆ. ನೆಲದ ಭಾರವು ಹಬ್ಬಿನಿಂದ ಅಷ್ಟು ದೂರಕ್ಕೆ ಸರಿದು, ಸನ್ನೆಗೋಲಿನಂತೆ ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ. ಸ್ಟೀರಿಂಗು ಭಾರವಾಗುತ್ತದೆ, ಗುಂಡಿಗೆ ಬಿದ್ದಾಗ ಕೈಯಿಂದ ಎಳೆದುಕೊಳ್ಳುತ್ತದೆ. ಮಾರುತಿ ಕಂಪನಿ 1993ರಲ್ಲಿ ಮಾಡಿದ್ದನ್ನು ನಾವು ಅಂಗಡಿಯ ಅಂಗಳದಲ್ಲಿ ಒಂದು ಮಧ್ಯಾಹ್ನದಲ್ಲಿ ಮಾಡಲಾಗದು.

ವಿಮೆಯ ವಿಷಯವನ್ನೂ ಮರೆಯುವಂತಿಲ್ಲ. ವಾಹನದ ಪಟ್ಟಿ ಬೆಲೆಯಲ್ಲಿ ಸೇರದ ಉಪಕರಣಗಳನ್ನು ಪ್ರತ್ಯೇಕವಾಗಿ ಘೋಷಿಸಿ, ಅವುಗಳ ಮೌಲ್ಯವನ್ನು ವಿಮೆಯಲ್ಲಿ ಸೇರಿಸಿಕೊಳ್ಳಬೇಕು. ಘೋಷಿಸದ ಫ್ಲೇರ್ ಮುರಿದರೆ ಪರಿಹಾರ ದೊರೆಯದು, ಅಷ್ಟಕ್ಕೆ ಮುಗಿದರೆ ಸಮಾಧಾನ. ಗಾಲಿಯ ಸ್ಥಾನವೇ ಬದಲಾಗಿರುವ ವಾಹನ ಅಪಘಾತಕ್ಕೀಡಾದಾಗ ಇಡೀ ಪರಿಹಾರದ ಅರ್ಜಿಯೇ ವಿವಾದಕ್ಕೆ ಸಿಲುಕಬಹುದು. ಸಾಲದ ವಾಹನದವನಿಗೆ ಇದಕ್ಕಿಂತ ದೊಡ್ಡ ಹೊಡೆತ ಬೇರಿಲ್ಲ.

ಕೆಲಸದ ಗುಣಮಟ್ಟ

ಕಾನೂನಿಗೆ ಒಪ್ಪುವ ಫ್ಲೇರ್ ಆದರೂ ಅದನ್ನು ಜೋಡಿಸುವ ಕೆಲಸ ಕೆಟ್ಟರೆ ನಮ್ಮ ಮಳೆ ಅದನ್ನು ಬೇಗನೆ ಬಯಲು ಮಾಡುತ್ತದೆ. ಘಟ್ಟದ ಕೆಳಗಿನ ಕುಳೆಂನಿಂದ ದೂಧ್‌ಸಾಗರ ಜಲಪಾತದ ಕಡೆಗೆ ಹೊಳೆ ದಾಟಿ ಹೋಗುವ ಜೀಪುಗಳಾಗಲಿ, ನಮ್ಮ ಕಡೆಯ ಕಾಡುದಾರಿಯಲ್ಲಿ ಓಡುವ ವಾಹನಗಳಾಗಲಿ, ಎದುರಿಸುವ ತೊಂದರೆ ಒಂದೇ. ಫ್ಲೇರ್ ಮತ್ತು ಫೆಂಡರಿನ ನಡುವಣ ಸಂದಿಯಲ್ಲಿ ಒದ್ದೆ ಮಣ್ಣು ಕೂರುತ್ತದೆ, ಒಣಗುವುದಿಲ್ಲ, ಬಣ್ಣದಡಿಯ ಉಕ್ಕು ಸದ್ದಿಲ್ಲದೆ ತಿನ್ನಲ್ಪಡುತ್ತದೆ. ಅನುಭವದಿಂದ ಕಲಿತ ಕೆಲವು ಅಂಶಗಳನ್ನು ಸದಸ್ಯ ಬಾಂಧವರ ಮುಂದಿಡುತ್ತೇನೆ.

ಮೊದಲನೆಯದಾಗಿ, ಸಾಧ್ಯವಿದ್ದಲ್ಲೆಲ್ಲ ಫೆಂಡರಿಗೆ ಹೊಸ ರಂಧ್ರ ಕೊರೆಯಬಾರದು. ಮೂಲ ರಂಧ್ರ ಮತ್ತು ಕ್ಲಿಪ್ಪುಗಳನ್ನೇ ಬಳಸಿಕೊಳ್ಳುವ ವಿನ್ಯಾಸವನ್ನು ಆರಿಸಬೇಕು. ಕೊರೆಯಲೇಬೇಕಾದಾಗ ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆದು, ಸತುವುಳ್ಳ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ ಕೊಟ್ಟು, ನಂತರವೇ ಸ್ಕ್ರೂ ಹಾಕಬೇಕು. ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂ ಆದರೆ ಸಾಕೆಂದು ತಿಳಿಯುವುದು ತಪ್ಪು. ಆ ಸ್ಕ್ರೂ ಉಳಿಯುತ್ತದೆ, ಅದರ ಸುತ್ತಲಿನ ಸಾಮಾನ್ಯ ಉಕ್ಕು ಇನ್ನೂ ಬೇಗ ಕೊಳೆಯುತ್ತದೆ. ನಡುವೆ ನೈಲಾನ್ ವಾಷರ್ ಇರಲೇಬೇಕು. ನಾವು ಕೊರೆದ ರಂಧ್ರದಿಂದ ಆರಂಭವಾದ ತುಕ್ಕಿಗೆ ಕಾರು ಕಂಪನಿಯ ವಾರಂಟಿಯನ್ನು ಗಿರಾಕಿ ನೆಚ್ಚಿಕೊಳ್ಳುವಂತಿಲ್ಲ ಎಂಬುದನ್ನೂ ಅವನಿಗೆ ಹೇಳಬೇಕು.

ಎರಡನೆಯದಾಗಿ, ಎರಡು ಬದಿಯ ಅಂಟುಪಟ್ಟಿಯಿಂದ ಕೂರಿಸುವಾಗ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಪೂರ್ಣ ಒಣಗಿಸಬೇಕು. ಇಂಥ ಪಟ್ಟಿಗಳು ಪೂರ್ಣ ಬಿಗಿತಕ್ಕೆ ಬರಲು ಸಾಮಾನ್ಯ ಉಷ್ಣಾಂಶದಲ್ಲಿ ಸುಮಾರು 72 ಗಂಟೆ ಬೇಕು. ಜುಲೈ ತಿಂಗಳಲ್ಲಿ ಬೆಳಿಗ್ಗೆ ಅಂಟಿಸಿ ಸಂಜೆ ಮಳೆಯಲ್ಲಿ ಕಳುಹಿಸಿದ ಫ್ಲೇರ್ ದಾರಿಯಲ್ಲಿಯೇ ಉಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಮೂರನೆಯದಾಗಿ, ಮೇಲಂಚಿಗೆ ರಬ್ಬರ್ ಪಟ್ಟಿ ಕೊಟ್ಟು ಸಂದಿ ಮುಚ್ಚಬೇಕು, ಕೆಳತುದಿಯಲ್ಲಿ ನೀರು ಹರಿದುಹೋಗಲು ತೆರವು ಬಿಡಬೇಕು. ಎರಡೂ ಕಡೆ ಮುಚ್ಚಿದರೆ ಅದು ಕೆಸರಿನ ತೊಟ್ಟಿಯಾಗುತ್ತದೆ. ನಾಲ್ಕನೆಯದಾಗಿ, ವಾಹನ ಕೊಡುವ ಮುನ್ನ ಸ್ಟೀರಿಂಗನ್ನು ಎರಡೂ ಕಡೆ ಪೂರ್ಣ ತಿರುಗಿಸಿ, ಒಂದೊಂದು ಗಾಲಿಯನ್ನು ಎತ್ತರಕ್ಕೆ ಹತ್ತಿಸಿ, ಟಯರು ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಂಗಡಿಯ ಸಮತಟ್ಟಾದ ನೆಲದ ಮೇಲೆ ತಾಗದ ಟಯರು ಕ್ಯಾಸಲ್‌ರಾಕ್‌ನ ದಾರಿಯ ಮೊದಲ ಹಳ್ಳದಲ್ಲಿ ತಾಗುತ್ತದೆ.

ಸಣ್ಣ ಉದ್ಯಮಿಗಳಿಗೆ ಇರುವ ಅವಕಾಶ

ಇಷ್ಟು ಓದಿದವರು ಈ ವ್ಯಾಪಾರವನ್ನೇ ಬಿಟ್ಟುಬಿಡಬೇಕೆಂಬುದು ನನ್ನ ಸಲಹೆಯೆಂದು ಭಾವಿಸಬಾರದು. ಇದಕ್ಕೆ ವಿರುದ್ಧವಾಗಿ, ಸರಿಯಾದ ಸರಕಿಗೆ ನಮ್ಮ ಭಾಗದಲ್ಲಿ ಇನ್ನೂ ತಯಾರಕರು ಬೇಕಾಗಿದ್ದಾರೆಂಬುದು ನನ್ನ ನಂಬಿಕೆ. ಇಂದು ನಾವು ಮಾರುವ ಫ್ಲೇರ್‌ಗಳಲ್ಲಿ ಬಹುಪಾಲು ಹೊರಗಿನಿಂದ ಬಂದವು. ಯಾವ ವಾಹನಕ್ಕೆ ಎಷ್ಟು ಅಗಲ, ಯಾವ ವಸ್ತು ಎಂಬ ಗುರುತು ಕೂಡ ಅನೇಕ ಪೊಟ್ಟಣಗಳ ಮೇಲೆ ಇರುವುದಿಲ್ಲ.

ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದಿಂದ ಮಾಡುವ ಫೈಬರ್ ಫ್ಲೇರ್‌ಗೆ ಬಂಡವಾಳ ಕಡಿಮೆ. ಒಂದು ಅಚ್ಚು, ಜೆಲ್‌ಕೋಟ್, ನಾರಿನ ಚಾಪೆ ಮತ್ತು ಕೈಕೆಲಸ ಸಾಕು. ಆದರೆ ಅದು ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ನಾರಿನಲ್ಲಿ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ಒಣ ಕೊಠಡಿ ಅಗತ್ಯ. ಎಬಿಎಸ್ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ನಿರ್ವಾತದಿಂದ ಅಚ್ಚಿಗೆ ಎಳೆಯುವ ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನ ಇದಕ್ಕಿಂತ ಉತ್ತಮವೆಂದು ನನಗನ್ನಿಸುತ್ತದೆ. ಇಂಜೆಕ್ಷನ್ ಮೋಲ್ಡಿಂಗ್‌ಗೆ ಬೇಕಾಗುವ ದುಬಾರಿ ಉಕ್ಕಿನ ಅಚ್ಚು ಇದಕ್ಕೆ ಬೇಕಿಲ್ಲ, ಸಣ್ಣ ಪ್ರಮಾಣದ ತಯಾರಿಕೆಗೂ ಹೊಂದುತ್ತದೆ. ಬರಿಯ ಎಬಿಎಸ್ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗುವುದರಿಂದ ಮೇಲ್ಪದರದಲ್ಲಿ ಎಎಸ್‌ಎ ಇರುವ ಹಾಳೆಯನ್ನು ಬಳಸುವುದು ಲೇಸು. ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳ, ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶಗಳಲ್ಲಿರುವ ಕೌಶಲಕ್ಕೆ ಇದು ಮೀರಿದ ಕೆಲಸವಲ್ಲ.

ತೆರಿಗೆಯ ವಿಷಯದಲ್ಲಿಯೂ ಕಾಲ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳೆಲ್ಲಕ್ಕೂ ಒಂದೇ ಸಮನಾದ ಶೇಕಡಾ 18ರ ಜಿಎಸ್‌ಟಿ ದರ ಜಾರಿಗೆ ಬಂದಿದೆ. ಹಿಂದೆ ಶೇಕಡಾ 28 ಇದ್ದ ಸರಕುಗಳ ಮೇಲೆ ಹತ್ತು ಅಂಶಗಳಷ್ಟು ಹೊರೆ ಇಳಿದಿದೆ. ಬಿಲ್ಲಿಲ್ಲದೆ ಮಾರುವವನಿಗೂ ಬಿಲ್ಲು ಕೊಟ್ಟು ಮಾರುವವನಿಗೂ ಬೆಲೆಯಲ್ಲಿದ್ದ ಅಂತರ ಅಷ್ಟರಮಟ್ಟಿಗೆ ಕುಗ್ಗಿದೆ. ವಿವರವಾದ ಬಿಲ್ಲು ಕೊಡಲು ಹಿಂಜರಿಯುವುದಕ್ಕೆ ಇದ್ದ ಒಂದು ನೆಪ ಇದರಿಂದ ಕಡಿಮೆಯಾಗಿದೆ.

ಎರಡು ಆಕ್ಷೇಪಗಳು

ಗಿರಾಕಿ ಕೇಳಿದ್ದನ್ನು ಕೊಡುವುದೇ ವ್ಯಾಪಾರ, ಅವನಿಗೆ ಕಾನೂನು ಕಲಿಸುವುದು ನಮ್ಮ ಕೆಲಸವಲ್ಲ ಎಂದು ಕೆಲವು ಮಿತ್ರರು ಹೇಳುತ್ತಾರೆ. ನಾವು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ ಎಂಬುದು ಇದರ ಮುಂದುವರಿಕೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಸ್ಪೇಸರ್ ಮಾರುವುದನ್ನು ನಿಲ್ಲಿಸಿದ ಮೇಲೆ ಕೆಲವು ಗಿರಾಕಿಗಳು ನನ್ನನ್ನು ಬಿಟ್ಟು ಹೋದರು. ಆದರೆ ಔಷಧಿ ಅಂಗಡಿಯವನು ‘ಕೇಳಿದರು, ಕೊಟ್ಟೆ’ ಎಂದರೆ ನಾವು ಒಪ್ಪುತ್ತೇವೆಯೇ? ಗಿರಾಕಿಗೆ ವಾಹನ ಓಡಿಸುವುದು ಗೊತ್ತು. ಅದರ ಬೇರಿಂಗು ಎಷ್ಟು ಭಾರ ತಾಳುತ್ತದೆಂಬುದು ಗೊತ್ತಿರಬೇಕಾದವರು ನಾವು. ಆ ತಿಳಿವಳಿಕೆಗಾಗಿಯೇ ಅವನು ನೇರವಾಗಿ ತರಿಸಿಕೊಳ್ಳದೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

ಎರಡನೆಯ ಆಕ್ಷೇಪ ಇನ್ನೊಂದು ದಿಕ್ಕಿನದು. ತಪಾಸಣೆ ಮಾಡುವವರ ಅಭಿಪ್ರಾಯ ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತದೆ, ಒಂದು ಕಡೆ ನಡೆದುದು ಇನ್ನೊಂದು ಕಡೆ ನಡೆಯುವುದಿಲ್ಲ, ಆದ್ದರಿಂದ ಈ ಗೊಡವೆಯೇ ಬೇಡ ಎಂಬ ವಾದವಿದು. ಅಸ್ಪಷ್ಟತೆ ಇರುವುದು ನಿಜ. ಮೂಲ ಲಕ್ಷಣ ಎಂಬ ಮಾತಿನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅಂಗಡಿಯವನು ಊಹಿಸಬೇಕಾಗಿ ಬಂದಿರುವುದು ನ್ಯಾಯವಲ್ಲ. ಆದರೆ ಅಸ್ಪಷ್ಟತೆಗೆ ಪರಿಹಾರ ಸುಮ್ಮನಿರುವುದಲ್ಲ, ಸ್ಪಷ್ಟತೆಯನ್ನು ಕೇಳುವುದು. ಒಬ್ಬೊಬ್ಬ ವ್ಯಾಪಾರಿ ಕೇಳಿದರೆ ಉತ್ತರ ಸಿಗಲಿಕ್ಕಿಲ್ಲ. ಸಂಘಟಿತವಾಗಿ ಕೇಳುವುದಕ್ಕಾಗಿಯೇ ವಾಣಿಜ್ಯ ಸಂಸ್ಥೆಗಳು ಇರುವುದು.

ಕೆಲವು ಸಲಹೆಗಳು

ಈ ನಿಟ್ಟಿನಲ್ಲಿ ಸದಸ್ಯರ ಪರಿಶೀಲನೆಗಾಗಿ ನಾಲ್ಕು ಸಲಹೆಗಳನ್ನು ಮುಂದಿಡುತ್ತಿದ್ದೇನೆ.

ಒಂದು: ಫ್ಲೇರ್ ಮಾರುವ ಮುನ್ನ ಪ್ರತಿಯೊಬ್ಬ ವ್ಯಾಪಾರಿಯೂ ಎರಡು ಪ್ರಶ್ನೆ ಕೇಳಬೇಕು. ಗಾಲಿ ಮತ್ತು ಟಯರು ಮೂಲದಲ್ಲಿದ್ದ ಅಳತೆಯವೇ? ವಾಹನ ಬಾಡಿಗೆಯದೇ, ಸ್ವಂತದ್ದೇ? ಗಾಲಿ ಹೊರಗೆ ಬಂದಿದ್ದಲ್ಲಿ ಅದನ್ನು ಮರೆಮಾಚಲು ಫ್ಲೇರ್ ಮಾರಬಾರದು. ಬಾಡಿಗೆ ವಾಹನವಾದರೆ ಅರ್ಹತಾ ಪತ್ರದ ತಪಾಸಣೆಯ ವಿಷಯವನ್ನು ಬಾಯಿಬಿಟ್ಟು ಹೇಳಬೇಕು. ಎಂಟು ವರ್ಷ ಮೀರಿದ ಬಾಡಿಗೆ ವಾಹನ ಪ್ರತಿ ವರ್ಷವೂ ಈ ತಪಾಸಣೆಗೆ ಹೋಗಬೇಕೆಂಬುದನ್ನು ನೆನಪಿಡಬೇಕು.

ಎರಡು: ಬಿಲ್ಲಿನಲ್ಲಿ ವಸ್ತುವಿನ ಹೆಸರು, ಹೊರಚಾಚುವ ಅಗಲ, ಜೋಡಿಸಿದ ವಿಧಾನ, ರಂಧ್ರ ಕೊರೆದಿದ್ದರೆ ಅವುಗಳ ಸಂಖ್ಯೆ, ವಿಮಾ ಕಂಪನಿಗೆ ತಿಳಿಸಬೇಕೆಂಬ ಸೂಚನೆ, ಇಷ್ಟನ್ನು ಕನ್ನಡದಲ್ಲಿ ಬರೆದು ಗಿರಾಕಿಯ ಸಹಿ ಪಡೆಯಬೇಕು. ಎಲ್ಲ ಅಂಗಡಿಗಳಿಗೂ ಉಪಯೋಗವಾಗುವಂತೆ ಇದರ ಒಂದು ನಮೂನೆಯನ್ನು ನಮ್ಮ ಸಂಸ್ಥೆಯೇ ಮುದ್ರಿಸಿಕೊಟ್ಟರೆ ಒಳ್ಳೆಯದು.

ಮೂರು: ತಯಾರಕ ಸದಸ್ಯರು ಪ್ರತಿ ಜೊತೆಯ ಮೇಲೂ ತಮ್ಮ ಹೆಸರು, ವಸ್ತು, ಹೊಂದುವ ವಾಹನದ ಮಾದರಿ ಮತ್ತು ತಯಾರಿಕೆಯ ತಿಂಗಳನ್ನು ಅಚ್ಚೊತ್ತಬೇಕು. ಹೆಸರಿಲ್ಲದ ಸರಕಿಗೆ ಹೊಣೆಗಾರನೂ ಇರುವುದಿಲ್ಲ.

ನಾಲ್ಕು: ಯಾವ ಬಗೆಯ ಸಣ್ಣ ಜೋಡಣೆಗಳು ಮಾರ್ಪಾಡು ಎನಿಸುವುದಿಲ್ಲ ಎಂಬುದರ ಪಟ್ಟಿಯನ್ನು ಅಳತೆಗಳ ಸಹಿತ ಪ್ರಕಟಿಸುವಂತೆ ನಮ್ಮ ಸಂಸ್ಥೆಯು ಸಾರಿಗೆ ಇಲಾಖೆಗೆ ಮನವಿ ಸಲ್ಲಿಸಬೇಕು. ತೆಳು ಕ್ಲ್ಯಾಡಿಂಗ್ ನಡೆಯುತ್ತದೆ, ಇಷ್ಟು ಮಿಲಿಮೀಟರು ಮೀರಿದರೆ ನಡೆಯುವುದಿಲ್ಲ ಎಂಬ ಒಂದು ಸಾಲು ಲಿಖಿತವಾಗಿ ದೊರೆತರೆ ವ್ಯಾಪಾರಿ, ಮಾಲೀಕ, ತಪಾಸಣಾಧಿಕಾರಿ ಮೂವರ ಕೆಲಸವೂ ಹಗುರಾಗುತ್ತದೆ.

ಕ್ಯಾಸಲ್‌ರಾಕ್ ಎಂಬ ಊರಿನ ಹೆಸರು ವ್ಯಾಪಾರಸ್ಥರಿಗೆ ಹಿಂದಿನಿಂದಲೂ ಪರಿಚಿತ. 1880ರ ದಶಕದಲ್ಲಿ ಮಾರ್ಮುಗೋವಾದಿಂದ ಘಟ್ಟ ಹತ್ತಿ ರೈಲುಮಾರ್ಗ ಬಂದ ಮೇಲೆ, 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವವರೆಗೂ ಅದು ಪೋರ್ಚುಗೀಸ್ ಆಡಳಿತದ ಗಡಿಗೆ ತಾಗಿದ ನಿಲ್ದಾಣವಾಗಿತ್ತು, ಅಲ್ಲಿ ಸುಂಕದ ಕಟ್ಟೆಯಿತ್ತು. ಆ ಗಡಿ ದಾಟುವ ಸರಕನ್ನು ತೆರೆದು ತೋರಿಸಿ, ಏನಿದೆಯೆಂದು ಹೇಳಿ ಮುಂದೆ ಹೋಗಬೇಕಾಗಿತ್ತು. ಆ ಗಡಿಯೂ ಇಲ್ಲ, ಆ ಕಟ್ಟೆಯೂ ಇಲ್ಲ. ನಮ್ಮ ಅಂಗಡಿಯ ಗಲ್ಲೆಯ ಮುಂದೆ ನಿಂತ ಗಿರಾಕಿಗೆ ಮಾತ್ರ ಸರಕನ್ನು ತೆರೆದು ತೋರಿಸಿ, ಏನಿದೆಯೆಂದು ಹೇಳುವ ಕರ್ತವ್ಯ ಇಂದಿಗೂ ಉಳಿದಿದೆ. ಬರುವ ಋತುವಿಗೆ ಮುನ್ನ ಈ ವಿಷಯವನ್ನು ನಮ್ಮ ಸಂಸ್ಥೆಯ ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿಸುತ್ತೇನೆ.